ಮೀಲ್‌ವರ್ಮ್ ಓಡಿದ್ದು ಬೆಳಕಿಗೋ, ಬಿಸಿಗೋ?

ಬದಿಯಡ್ಕದ ಅಮ್ಮ:
ಏಳನೇ ಕ್ಲಾಸಿನ ಮಗಳಿಗೆ ವಿಜ್ಞಾನ ಮೇಳಕ್ಕೆ ಪ್ರಯೋಗ ಬೇಕಿತ್ತು. ಕಾಸರಗೋಡಿನಲ್ಲಿ ಹಕ್ಕಿ ಮಾರುವ ಅಂಗಡಿಯಿಂದ 20 ಮೀಲ್‌ವರ್ಮ್ (ಹಕ್ಕಿಗಳಿಗೆ ತಿನ್ನಿಸುವ ಹುಳ) ತಂದೆವು. ಚಪ್ಪಲಿ ಡಬ್ಬಿಯ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಇನ್ನರ್ಧದ ಮೇಲೆ ಟೇಬಲ್ ಲ್ಯಾಂಪ್ ಇಟ್ಟೆವು. ಹತ್ತು ನಿಮಿಷದಲ್ಲಿ 16 ಹುಳ ಕತ್ತಲೆ ಸೇರಿದವು. ಮಗಳಿಗೆ ಖುಷಿಯೋ ಖುಷಿ. ಆದರೆ ಲ್ಯಾಂಪಿನಲ್ಲಿ ಇರುವುದು ಹಳೇ ಬಲ್ಬ್. ಕೈ ಹತ್ತಿರ ತಂದರೆ ಬಿಸಿ. ಅವು ಬಿಸಿಗೆ ಹೆದರಿ ಓಡಿದ್ದಲ್ಲ ಅಂತ ಹೇಗೆ ಹೇಳುವುದು?

ಮಂಜೇಶ್ವರದ ಮೇಷ್ಟ್ರು:
ಒಳ್ಳೇ ಸಂಶಯ ಅಕ್ಕ. ಎಲ್‌ಇಡಿ ಹಾಕಿ, ಸ್ವಲ್ಪ ದೂರ ಇಡಿ. ಪ್ರತಿ ಸಲ ಹುಳಗಳನ್ನು ನಡುವೆಯೇ ಬಿಡಿ, ಕತ್ತಲೆಯ ಬದಿ ಬದಲಿಸಿ. ಇವು ಗೋಡೆ ಹಿಡಿದೇ ಹೋಗುತ್ತವೆ, ಮೂಲೆ ಸಿಕ್ಕರೆ ಅಲ್ಲೇ ಕೂರುತ್ತವೆ. ಹಾಗಾಗಿ ದುಂಡಗಿನ ಪಾತ್ರೆ ಒಳ್ಳೆಯದು. ಒಳಗೆ ತೌಡು ಬೇಡ.

ಪೆರ್ಲದ ಕೋಳಿ ಸಾಕುವವ:
ನಾನು ಗೋಧಿ ತೌಡಿನಲ್ಲಿ ಸಾಕುತ್ತೇನೆ. ಮುಚ್ಚಳ ತೆಗೆದರೆ ಸಾಕು, ತಲೆ ಒಳಗೆ ತೂರಿಸುತ್ತವೆ. ಇವು ಕಪ್ಪು ಜೀರುಂಡೆಯೊಂದರ ಮರಿಗಳು ಅಲ್ವಾ? ಅದರ ಲ್ಯಾಟಿನ್ ಹೆಸರು ಟೆನೆಬ್ರಿಯೊ. ಆ ಹೆಸರಲ್ಲೇ ಕತ್ತಲೆ ಎಂಬ ಅರ್ಥ ಇದೆ.

ಬದಿಯಡ್ಕದ ಅಮ್ಮ:
ನನ್ನ ಅಮ್ಮನ ರೊಟ್ಟಿ ತಟ್ಟೆಯಲ್ಲಿ, ಎಲ್‌ಇಡಿ ಹಾಕಿ ಐದು ಸಲ ಮಾಡಿದೆವು. ಎರಡು ಹುಳ ಪೊರೆ ಕಳಚಿ ಹಾಲಿನಂತೆ ಬೆಳ್ಳಗೆ, ಅಲ್ಲಾಡದೆ ಬಿದ್ದಿದ್ದವು. ಅವನ್ನು ಲೆಕ್ಕದಿಂದ ಬಿಟ್ಟೆವು. ಉಳಿದ 18ರಲ್ಲಿ ಕತ್ತಲೆಗೆ ಹೋದದ್ದು 14, 13, 15, 12, 14. ಬಿಸಿ ಇಲ್ಲದೆಯೂ ಕತ್ತಲೆಗೇ! ಹಳೇ 16ನ್ನೂ ಅಳಿಸದೆ ಮಗಳು ಪಕ್ಕದಲ್ಲಿ ‘ಬಿಸಿ ಬಲ್ಬ್’ ಅಂತ ಬರೆದಿದ್ದಾಳೆ.