ಪದಚರ್ಚೆ: ‘ಗ್ರ್ಯಾಪಲ್’, ‘ಟೆಲಿಕೈನೆಸಿಸ್’ ಎರಡಕ್ಕೂ ಹಿಡಿತ ಅಂದರೆ ಆಗುತ್ತಾ?

ನಮಸ್ಕಾರ. ಸ್ವಲ್ಪ ಅರ್ಜೆಂಟು. ಭಾನುವಾರ ನಮ್ಮ ಸೊಸೈಟಿಯ ಕನ್ನಡದ ಮಕ್ಕಳಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಸಾಹಸದ ಆಟ) ಆಡಿಸುತ್ತಿದ್ದೇನೆ, 2014ರ ನಿಯಮಗಳ ಪ್ರಕಾರ. ಆಟದ ಪದಗಳನ್ನು ಕನ್ನಡದಲ್ಲಿ ಬರೆದ ಕಾರ್ಡುಗಳು ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು.

ಗ್ರ್ಯಾಪಲ್ ಅಂದರೆ ಎದುರಾಳಿಯನ್ನು ಕೈಯಿಂದ ಹಿಡಿದು ನಿಲ್ಲಿಸುವುದು. ಒಂದು ಕೈಯಾದರೂ ಖಾಲಿ ಇರಬೇಕು. ಸಿಕ್ಕಿಬಿದ್ದವನ ವೇಗ ಸೊನ್ನೆ, ಆದರೆ ಕತ್ತಿ ಬೀಸಲು ಅಡ್ಡಿಯಿಲ್ಲ. ಟೆಲಿಕೈನೆಸಿಸ್ 5ನೇ ಹಂತದ ಮಂತ್ರ. 60 ಅಡಿಯೊಳಗೆ ಇರುವವನನ್ನು ಮನಸ್ಸಿನಿಂದಲೇ ಎತ್ತಿ 30 ಅಡಿ ಸರಿಸಬಹುದು. ಅವನು ‘ರಿಸ್ಟ್ರೇನ್ಡ್’. ವೇಗವೂ ಸೊನ್ನೆ, ಏಟಿಗೂ ತೊಡಕು.

ಎರಡಕ್ಕೂ ‘ಹಿಡಿತ’ ಅಂತ ಹಾಕಿದ್ದೆ. ಮೊನ್ನೆ ಸುಮ್ನೆ ಆಡಿ ನೋಡಿದಾಗ ಓರ್ಕ್ ಅನ್ನುವ ರಾಕ್ಷಸ ಹಿಡಿದಿದ್ದ ಹುಡುಗನನ್ನು ಮಾಂತ್ರಿಕಳು ಮೇಲಕ್ಕೆ ಎಳೆದಳು. ಓರ್ಕ್‌ನ ಕೈಗೆ ಎಟುಕದಿದ್ದರೆ ಗ್ರ್ಯಾಪಲ್ ಮುಗಿದ ಹಾಗೆ. ನಾನು ಹೇಳಿದ್ದು: ‘ಹಿಡಿತ ತಪ್ಪಿತು, ಈಗ ಹಿಡಿತದಲ್ಲಿದ್ದೀಯ.’ ಮಕ್ಕಳು ಬಿದ್ದು ಬಿದ್ದು ನಕ್ಕರು. ಮಂತ್ರಕ್ಕೆ ‘ದೂರಚಲನೆ’ ಆಗುತ್ತಾ?
— ಪುಣೆಯಿಂದ

ಗ್ರ್ಯಾಪಲ್‌ಗೆ ‘ಪಟ್ಟು’. ಚರ್ಚೆ ಬೇಡ. ತೆಲುಗಿನ ಪಟ್ಟು, ತಮಿಳಿನ ಪಱ್ಱು, ಹಳಗನ್ನಡದ ಪತ್ತು, ಎಲ್ಲದರ ಬೇರು ಒಂದೇ. ‘ಬೆಂಕಿ ಹತ್ತಿತು’ ಅನ್ನುವ ಹತ್ತು ಕೂಡ ಅದೇ. ದೂರಚಲನೆ ಬೇಡ. ದೂರವಾಣಿ, ದೂರದರ್ಶನದಲ್ಲೇ ಸಾಕಾಗಿದೆ. ಈ ಮಂತ್ರದಲ್ಲಿ ಮುಖ್ಯವಾದದ್ದು ದೂರವಲ್ಲ, ಮುಟ್ಟದಿರುವುದು. ‘ಮುಟ್ಟದೆತ್ತು’ ಅನ್ನಿ. ಅಚ್ಚಗನ್ನಡ.
— ಮಾಟುಂಗಾ

ಮುಟ್ಟದ ಎತ್ತು? ಹಾಯದ ಎತ್ತು ಕೇಳಿದ್ದೆ. ಇನ್ನು ಪಟ್ಟು ಅಂದರೆ ಈಗಿನ ಮಕ್ಕಳಿಗೆ ಹಠ. ಪುಣೆಯ ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ‘ಡಾವ್’ ಅಂತಾರೆ, ಅದನ್ನೇ ಹಾಕಿ.
— ಮಡಗಾಂವ್

ಡಾವ್ ಅಂದರೆ ಎದುರಾಳಿಯನ್ನು ಕೆಡವುವ ಯುಕ್ತಿ. ಹಿಡಿದು ನಿಲ್ಲಿಸುವುದಕ್ಕೆ ಆ ಪದ ಬರುವುದಿಲ್ಲ. ಗರಡಿಯ ಮಣ್ಣು ಮೈಗೆ ಹತ್ತಿದವರನ್ನು ಕೇಳಿ. ಮರಾಠಿಯಿಂದ ಸಾಲ ತರುವಷ್ಟು ಬಡತನ ನಮಗಿಲ್ಲ.
— ಮಾಟುಂಗಾ

ಸಾಲದ ಮಾತು ಮಾಟುಂಗಾದವರಿಂದಲೇ ಬಂತಲ್ಲ, ಸಂತೋಷ. ‘ಕುಸ್ತಿ’ ಯಾರ ಮನೆಯದು ಸ್ವಾಮಿ? ಪಾರಸಿಯಿಂದ ಬಂದದ್ದು. ನಿಮ್ಮ ಪಕ್ಕದ ದಾದರಿನ ಪಾರ್ಸಿಗಳು ಸೊಂಟಕ್ಕೆ ಕಟ್ಟುವ ದಾರಕ್ಕೂ ಕುಸ್ತಿ ಅಂತಲೇ ಹೆಸರು.
— ಮಡಗಾಂವ್

ಅಯ್ಯೋ, ದಾರ ಬಿಡಿ, ನನ್ನ ಕಾರ್ಡು ನೋಡಿ. ಗ್ರ್ಯಾಪಲ್‌ಗೆ ಪಟ್ಟು ಒಪ್ಪಿದೆ. ಹಠ ಅಂದುಕೊಂಡರೂ ನಷ್ಟವಿಲ್ಲ, ಓರ್ಕ್ ಹಠಮಾರಿಯೇ. ರಿಸ್ಟ್ರೇನ್ಡ್‌ಗೆ ‘ಕಟ್ಟು’ ಹೊಳೆಯಿತು. ಮಂತ್ರ ಹಾಕಿ ಹಾವಿನ ಬಾಯಿ ಕಟ್ಟಿದ ಅನ್ನುತ್ತೇವಲ್ಲ, ಹಾಗೆ. ‘ಪಟ್ಟು ಬಿಟ್ಟಿತು, ಕಟ್ಟು ಬಿತ್ತು’ ಅಂತ ಜೋರಾಗಿ ಹೇಳಿ ನೋಡಿದೆ, ಗೊಂದಲ ಇಲ್ಲ. ಮಂತ್ರದ ಹೆಸರು ಮಾತ್ರ ಟೆಲಿಕೈನೆಸಿಸ್ ಅಂತಲೇ ಉಳಿಸಿದೆ. ಎತ್ತು ಬಂದರೆ ಮಕ್ಕಳು ಅದಕ್ಕೂ ಒಂದು ಕಾರ್ಡು ಕೇಳುತ್ತಾರೆ.
— ಪುಣೆಯಿಂದ

ಹಾಗಾದರೆ ನಮ್ಮನ್ನು ಕೇಳಿದ್ದು ಯಾಕೆ?
— ಮಾಟುಂಗಾ