ತಾರಸಿ ತುಂಬ ಹೂ ಇದೆ, ಚಿಟ್ಟೆ ನಿಲ್ಲುತ್ತಿಲ್ಲ, ಹುಳ ಉಳಿಯುತ್ತಿಲ್ಲ. ಇನ್ಯಾವ ಗಿಡ ತರಲಿ?

ತಾರಸಿತೋಟ_ಮೈಸೂರು
ಚಿಟ್ಟೆಗೆ ಅಂತಲೇ ಗಿಡ ತಂದು ತಂದು ಸಾಕಾಗಿದೆ. ಪೆಂಟಾಸ್, ಹಳದಿ ಲಂಟಾನ, ದಪ್ಪ ಚೆಂಡು ಹೂ, ಜಿನಿಯಾ, ಕೇಪಳ ಎಲ್ಲವೂ ಹೂ ಬಿಟ್ಟಿವೆ. ಪ್ಲೇನ್ ಟೈಗರ್ ಚಿಟ್ಟೆ ಬರಲಿ ಅಂತ ಅದರ ಹುಳ ತಿನ್ನುವ ಆಸ್ಕ್ಲೇಪಿಯಾಸ್ ಗಿಡ ನಾಲ್ಕು ನರ್ಸರಿಯಿಂದ ತಂದೆ. ಕರಿಬೇವು, ನಿಂಬೆ ಮೊದಲಿಂದಲೂ ಇವೆ. ಚಿಟ್ಟೆಗಳು ಪ್ಯಾರಪೆಟ್ ದಾಟಿ ಪಕ್ಕದ ಖಾಲಿ ಸೈಟಿನ ಕಳೆಗೆ ಹೋಗಿ ಕೂರುತ್ತವೆ! ಆಸ್ಕ್ಲೇಪಿಯಾಸ್ ಮೇಲೆ ಮೊಟ್ಟೆಯಾಗಿ ಹುಳ ಬಂದಿತ್ತು, ಒಂದೂ ಉಳಿಯಲಿಲ್ಲ. ಕರಿಬೇವಿನಲ್ಲಿ ಮೊಟ್ಟೆಯೇ ಇಲ್ಲ. ಇನ್ನೇನು ತರಬೇಕು, ಹೆಸರು ಹೇಳಿ ಸಾಕು.

ಎಕ್ಕದಗಿಡ
ಹೂವಿನ ಗಿಡ ಸಾಕಷ್ಟಿದೆ, ಚಿಟ್ಟೆಯ ಮರಿ (ಹುಳ) ತಿನ್ನುವ ಗಿಡ ಸಾಲದು. ಚಿಟ್ಟೆ ಹೂವಿಗೆ ಬಂದು ಹೋಗುತ್ತೆ, ಉಳಿಯೋದು ಮೊಟ್ಟೆ ಇಡುವ ಗಿಡ ಇದ್ದ ಕಡೆ. ಒಂದೊಂದು ಚಿಟ್ಟೆಗೆ ಒಂದೊಂದು ಗಿಡ, ತಗೊಳ್ಳಿ: ಕಾಮನ್ ಎಮಿಗ್ರಂಟ್‌ಗೆ ಕಕ್ಕೆ ಅಥವಾ ತಗಚೆ, ಕಾಮನ್ ಕ್ಯಾಸ್ಟರ್‌ಗೆ ಹರಳು, ಟಾನಿ ಕೋಸ್ಟರ್‌ಗೆ ಕಾಡು ಪ್ಯಾಶನ್ ಬಳ್ಳಿ, ಟೇಲ್ಡ್ ಜೇಗೆ ಕಂಬದ ಅಶೋಕ ಇಲ್ಲವೇ ಸೀತಾಫಲ, ಕಾಮನ್ ಕ್ರೋಗೆ ಕಣಗಿಲೆ, ಜೀಬ್ರಾ ಬ್ಲೂಗೆ ನೀಲಿ ಪ್ಲಂಬಾಗೊ. ಪ್ಲಂಬಾಗೊ, ತಗಚೆ, ಹರಳು 12 ಇಂಚಿನ ಕುಂಡದಲ್ಲೇ ಆಗುತ್ತವೆ. ಗೋಣಿಸೊಪ್ಪು ಒಂದು ಟ್ರೇ ಹಾಕಿದರೆ ಡನೈಡ್ ಎಗ್‌ಫ್ಲೈ ಕೂಡ ಬರುತ್ತೆ.

ಧಾರವಾಡ_ಬಾಲ್ಕನಿ
ರೀ, ಗಿಡದ ಪಟ್ಟಿ ಆಮೇಲೆ ಕೊಡ್ರಿ. ಮೊದಲು ಬಿಸಿಲು ಎಷ್ಟು ತಾಸು ಬೀಳ್ತದ ಹೇಳ್ರಿ. ಪಾತರಗಿತ್ತಿಗೆ ಮೈ ಕಾಯಬೇಕು, ಅಲ್ಲೀತನಕ ಹಾರೂದಿಲ್ಲ. ಆಮೇಲೆ ದಪ್ಪ ಚೆಂಡು ಹೂ ಲೆಕ್ಕಕ್ಕ ಹಿಡೀಬ್ಯಾಡ್ರಿ. ಅದರಾಗ ಎಸಳ ಮ್ಯಾಲ ಎಸಳ, ಸೊಂಡಿಲು ಮಕರಂದದ ತನಕ ಮುಟ್ಟೂದಿಲ್ಲ. ಒಂಟಿ ಎಸಳಿನ ಚೆಂಡು ಹೂ, ಒಂಟಿ ಎಸಳಿನ ಜಿನಿಯಾ ಹಚ್ರಿ.

ಎಕ್ಕದಗಿಡ
ಬಿಸಿಲು ಸರಿ ಸರ್, ಆದರೆ ಮೂಲ ಕಾರಣ ಮರಿ ತಿನ್ನುವ ಗಿಡ ಸಾಲದಿರುವುದೇ. ಆ ಖಾಲಿ ಸೈಟಿನಲ್ಲಿ ಎಕ್ಕ, ಟ್ರೈಡ್ಯಾಕ್ಸ್, ತಗಚೆ ಇದ್ದೇ ಇರುತ್ತವೆ, ಅದಕ್ಕೇ ಅಲ್ಲಿಗೆ ಹೋಗುತ್ತವೆ.

ಶಿರಸಿಕಾಡು
ನಮ್ಮಲ್ಲಿ ಅಂಗಳದ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿದ್ದು, ಕಾಮನ್ ರೋಸ್, ಕ್ರಿಮ್ಸನ್ ರೋಸ್, ಜತೆಗೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೂರೂ ಬರುತ್ತವೆ. ಪಗೋಡ ಹೂವಿಗೆ ಬ್ಲೂ ಮಾರ್ಮನ್. ನರ್ಸರಿಯಲ್ಲಿ ಈಶ್ವರಿ ಬಳ್ಳಿ ಕೇಳಿದರೆ ದೊಡ್ಡ ಹೂವಿನ ವಿದೇಶಿ ಅರಿಸ್ಟೊಲೋಕಿಯಾ ಕೊಡುತ್ತಾರೆ, ತಗೋಬೇಡಿ. ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್ ಅಂಥದೇ ಒಂದು ವಿದೇಶಿ ಬಳ್ಳಿಗೆ ಮೊಟ್ಟೆ ಇಡುತ್ತದೆ, ಹುಟ್ಟಿದ ಮರಿಗಳು ಎಲೆ ತಿಂದು ಸಾಯುತ್ತವೆ.

ತಾರಸಿತೋಟ_ಮೈಸೂರು
ಬರ್ಡ್‌ವಿಂಗ್ ಬೇಡ ಸರ್, ಮೊದಲು ಪ್ಲೇನ್ ಟೈಗರ್ ಬದುಕಲಿ. ಮರಿ ತಿನ್ನುವ ಗಿಡ ಇಲ್ಲ ಅಂದರೆ ಹೇಗೆ? ಆಸ್ಕ್ಲೇಪಿಯಾಸ್, ಕರಿಬೇವು, ನಿಂಬೆ ಮೂರೂ ಬರೆದಿದ್ದೀನಲ್ಲ. ಬಿಸಿಲು ಚೆನ್ನಾಗೇ ಇದೆ, ಮಾಮೂಲಿ ಶೇಡ್ ನೆಟ್ ಇದೆ ಅಷ್ಟೆ.

ಧಾರವಾಡ_ಬಾಲ್ಕನಿ
ಎಷ್ಟು ಪರ್ಸೆಂಟ್ ನೆಟ್? ಎಲ್ಲಿಂದ ಎಲ್ಲೀತನಕ?

ತಾರಸಿತೋಟ_ಮೈಸೂರು
75, ಹಸಿರು. ಪೂರ್ತಿ ತಾರಸಿಗೆ, ಪೂರ್ವದ ಕಡೆ ಬದಿಗೂ ಇಳಿಸಿದೆ.

ಧಾರವಾಡ_ಬಾಲ್ಕನಿ
ಅಲ್ಲೇ ಅದ ನೋಡ್ರಿ! 75 ಅಂದ್ರ ಕಾಲು ಭಾಗ ಬೆಳಕು ಅಷ್ಟ ಒಳಗ ಬರ್ತದ. ಮುಂಜಾನಿ ಬಿಸಿಲಂತೂ ಪೂರ್ತಿ ಬಂದ್. ಪೂರ್ವದ ಬದೀ ನೆಟ್ ತಗೀರಿ, ಮ್ಯಾಲಿಂದು ಅರ್ಧ ಸರಿಸ್ರಿ. ಪೆಂಟಾಸ್‌ಗೆ ದಿನಕ್ಕ 5–6 ತಾಸು ನೇರ ಬಿಸಿಲು ಬೇಕು. ನೆಳ್ಳಾಗ ಹೂ ಬಿಟ್ಟರೂ ಗೊಂಚಲು ಸಣ್ಣದು.

ಕಾಡುಕಳೆ
ಯಾರೂ ಲಂಟಾನದ ಬಗ್ಗೆ ಹೇಳಲಿಲ್ಲ. ಮೊದಲು ಅದನ್ನು ಕಿತ್ತು ಹಾಕಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ನೆಲದ ಗಿಡವನ್ನೆಲ್ಲ ಅದು ನುಂಗಿದ್ದು ಸಾಲದೇ?

ಎಕ್ಕದಗಿಡ
ಕುಂಡದ ಹಳದಿ ತಳಿ ಬಹುಪಾಲು ಕಾಯಿ ಕಟ್ಟಲ್ಲ. ಅದಕ್ಕೂ ಕಾಡಿಗೂ ಏನು ಸಂಬಂಧ?

ಕಾಡುಕಳೆ
ಕಾಯಿ ಕಟ್ಟದಿದ್ದರೂ ಪರಾಗ ಇರುತ್ತೆ, ಹತ್ತಿರದ ಕಾಡು ಲಂಟಾನಕ್ಕೆ ಅದೇ ಚಿಟ್ಟೆ ಒಯ್ಯುತ್ತೆ. ಪೆಂಟಾಸ್, ಕೇಪಳ ಇರುವಾಗ ಇದು ಯಾಕೆ ಬೇಕು?

ಎಕ್ಕದಗಿಡ
ಮೈಸೂರಿನ ಮೂರನೇ ಮಹಡಿಯ ಕುಂಡದಿಂದ ಬಂಡೀಪುರ ಹಾಳಾಗಲ್ಲ. ಅವರು ಕೇಳಿದ್ದು ಚಿಟ್ಟೆ ಬಗ್ಗೆ.

ಹುಳದೊಡತಿ
ಲಂಟಾನ ಜಗಳಕ್ಕೆ ಬೇರೆ ಚರ್ಚೆ ಶುರು ಮಾಡಿ. ಮೈಸೂರಿನವರೇ, ಸತ್ತ ಹುಳ ನೋಡೋಕೆ ಹೇಗಿತ್ತು? ಇದನ್ನು ಯಾರೂ ಕೇಳಿಲ್ಲ. ಮೈ ಮೆತ್ತಗಾಗಿ ಕಪ್ಪು ನೀರು ಸೋರುತ್ತ ತಲೆಕೆಳಗಾಗಿ ಜೋತಿದ್ದರೆ ವೈರಸ್. ಪಕ್ಕದಲ್ಲಿ ಅಕ್ಕಿ ಕಾಳಿಗಿಂತ ಸಣ್ಣ ಬಿಳಿ ಗೂಡುಗಳಿದ್ದರೆ ಪರಾವಲಂಬಿ ಕಣಜ. ಪೊರೆ ಬಿಡುವಾಗ ಅರ್ಧಕ್ಕೆ ಸಿಕ್ಕಿಹಾಕಿಕೊಂಡು ಸತ್ತರೆ ಬೇವು. ಹಸಿರು ದ್ರವ ಕಕ್ಕಿ, ನಡುಗಿ, ಸುರುಟಿಕೊಂಡರೆ ನರಕ್ಕೆ ತಾಗುವ ವಿಷ. ಯಾವುದು? ಬೇವಿನೆಣ್ಣೆ ಹೊಡೆಯುತ್ತೀರಾ?

ತಾರಸಿತೋಟ_ಮೈಸೂರು
ಬೇವಿನೆಣ್ಣೆ ಹೌದು, ಲೀಟರಿಗೆ 5 ಎಂ.ಎಲ್., ವಾರಕ್ಕೊಮ್ಮೆ. ಸಾವಯವ ತಾನೇ ಅದು? ಕರಿಬೇವಿಗೆ, ನಿಂಬೆಗೆ ಜಿಗಿಹುಳ ಕಾಟ.

ಎಕ್ಕದಗಿಡ
ಸಿಕ್ಕಿತು! ಬೇವಿನೆಣ್ಣೆಯೇ. ಪೂರ್ತಿ ನಿಲ್ಲಿಸಿ, ಎಲ್ಲ ಸರಿಹೋಗುತ್ತೆ.

ತಾರಸಿತೋಟ_ಮೈಸೂರು
ಆಸ್ಕ್ಲೇಪಿಯಾಸ್‌ಗೆ ಒಂದು ಹನಿಯೂ ಹೊಡೆದಿಲ್ಲ ಸರ್. ಅದು ದೂರದ ಮೂಲೆಯಲ್ಲಿದೆ.

ಎಕ್ಕದಗಿಡ
ಗಾಳಿಗೆ ತೇಲಿ ಹೋಗಿರುತ್ತೆ. ಬೇವೇ.

ತಾರಸಿತೋಟ_ಮೈಸೂರು
ಮೇಡಂ ಕೇಳಿದ್ದಕ್ಕೆ: ಹುಳ ಬಾಯಿಂದ ಹಸಿರು ನೀರು ಬಿಟ್ಟು ಸುರುಟಿಕೊಂಡು ಬಿದ್ದಿದ್ದವು. ಪೊರೆಯಲ್ಲಿ ಸಿಕ್ಕಿದ್ದು ಯಾವುದೂ ಇಲ್ಲ.

ಹುಳದೊಡತಿ
ಹಾಗಾದರೆ ಎರಡು ಬೇರೆ ಬೇರೆ ಕಾರಣ, ಬೆರೆಸಬೇಡಿ.

ಕರಿಬೇವು, ನಿಂಬೆಯದ್ದು ಬೇವಿನೆಣ್ಣೆ. ಲೈಮ್, ಕಾಮನ್ ಮಾರ್ಮನ್ ಹೆಣ್ಣು ಚಿಟ್ಟೆಗಳು ಮುಂಗಾಲಿನಿಂದ ಎಲೆಯನ್ನು ತಟ್ಟಿ ರುಚಿ ನೋಡಿ ಮೊಟ್ಟೆ ಇಡುತ್ತವೆ. ಎಲೆ ಮೇಲೆ ಎಣ್ಣೆ ಪದರ ಇದ್ದರೆ ಹಿಂದೆ ಸರಿಯುತ್ತವೆ. ಬೇವಿನಲ್ಲಿ ಹುಳಕ್ಕೆ ವಿಷವಾಗುವ ಅಂಶ ಅಜಾಡಿರಾಕ್ಟಿನ್, ಅದು ಬಿಸಿಲಿಗೆ ಕೆಲವೇ ದಿನದಲ್ಲಿ ಒಡೆದುಹೋಗುತ್ತೆ ನಿಜ. ಆದರೆ ನಿಮ್ಮಲ್ಲಿ 75ರ ನೆಟ್ ಕೆಳಗೆ ನಿಧಾನ, ಅದರ ಮೇಲೆ ವಾರವಾರ ಹೊಸದಾಗಿ ಹೊಡೆತ. ಗಿಡದ ಮೇಲೆ ಬೇವು ಎಂದೂ ಖಾಲಿಯಾಗುತ್ತಿಲ್ಲ.

ಆಸ್ಕ್ಲೇಪಿಯಾಸ್‌ನದ್ದು ನರ್ಸರಿಯಲ್ಲಿ ಬುಡಕ್ಕೆ ಹಾಕಿದ ಇಮಿಡಾಕ್ಲೋಪ್ರಿಡ್ ತರಹದ ಕೀಟನಾಶಕ ಅಂತ ನನ್ನ ಊಹೆ. ಅದು ಬೇರಿನಿಂದ ಏರಿ ಎಲೆ, ಹೂವಿನ ಮಕರಂದ ಎರಡಕ್ಕೂ ಹೋಗುತ್ತೆ. ಮೇಲೆ ತೊಳೆದರೂ, ಕತ್ತರಿಸಿ ಚಿಗುರಿಸಿದರೂ ಹೋಗಲ್ಲ, ಕುಂಡದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಇರುತ್ತೆ. ಒಂದು ಮಾತು ನೋಡಿ ಹೇಳಿ: ಆ ಗಿಡಗಳ ಕುಡಿಯಲ್ಲಿ ಹಳದಿ ಹೇನು (ರಸ ಹೀರುವ ಸಣ್ಣ ಕೀಟ) ಇದೆಯಾ?

ತಾರಸಿತೋಟ_ಮೈಸೂರು
ಒಂದೂ ಇಲ್ಲ, ತಂದಾಗಿನಿಂದ ಫಳಫಳ ಅಂತಿವೆ.

ಹುಳದೊಡತಿ
ಅದೇ ಸಂಶಯದ ಗುರುತು. ಹಳದಿ ಹೇನು ಹತ್ತದ ಆಸ್ಕ್ಲೇಪಿಯಾಸ್ ನಮ್ಮ ಹವೆಯಲ್ಲಿ ಅಪರೂಪ. ನರ್ಸರಿಯಲ್ಲಿ ಯಾವಾಗಲೂ ಹೇನು ಹತ್ತಿದ, ಎಲೆ ತೂತಾದ ಗಿಡವನ್ನೇ ಆರಿಸಿ.

ಖಚಿತ ಮಾಡಿಕೊಳ್ಳೋದು ಸುಲಭ. ಖಾಲಿ ಸೈಟಿನ ಎಕ್ಕದ ಎಲೆಯ ಅಡಿಯಲ್ಲಿ ಪ್ಲೇನ್ ಟೈಗರ್‌ನ ಬಿಳಿ ಮೊಟ್ಟೆ ಒಂದೊಂದೇ ಸಿಗುತ್ತೆ, ಎಲೆ ಸಮೇತ ತನ್ನಿ. ಹುಳ ಅರ್ಧ ಇಂಚು ಆದ ಮೇಲೆ ಗಾಳಿಯಾಡುವ ಎರಡು ಡಬ್ಬಿ, ತಳಕ್ಕೆ ಟಿಶ್ಯೂ, ಡಬ್ಬಿಗೆ ಎರಡು ಹುಳ. ಒಂದಕ್ಕೆ ಎಕ್ಕದ ಎಲೆ, ಇನ್ನೊಂದಕ್ಕೆ ನಿಮ್ಮ ಆಸ್ಕ್ಲೇಪಿಯಾಸ್ ಎಲೆ, ಎರಡನ್ನೂ ತೊಳೆದು ಒರೆಸಿ ಕೊಡಿ. ಎರಡು ದಿನದಲ್ಲಿ ಗೊತ್ತಾಗುತ್ತೆ. ಎಕ್ಕ ಕೀಳುವಾಗ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವೇ (ಕಾರ್ನಿಯಾ) ಊದಿ ಮಂಜಾಗುತ್ತೆ.

ಕಾಡುಕಳೆ
ಎಕ್ಕವನ್ನೇ ಕುಂಡದಲ್ಲಿ ಬೆಳೆಸಬಹುದಲ್ಲ, ಆಸ್ಕ್ಲೇಪಿಯಾಸ್ ಕೂಡ ಹೊರಗಿನದೇ.

ಶಿರಸಿಕಾಡು
ಎಕ್ಕದ ಬೇರು ಆಳ, ಕುಂಡದಲ್ಲಿ ಎಲೆ ಕಡಿಮೆ. 18 ಇಂಚಿನ ಡ್ರಮ್ ಬೇಕು.

ತಾರಸಿತೋಟ_ಮೈಸೂರು
ಮಾಡಿ ನೋಡಿದೆ. ಆಸ್ಕ್ಲೇಪಿಯಾಸ್ ತಿಂದ ಎರಡೂ ಮರುದಿನ ಬೆಳಿಗ್ಗೆ ತಿನ್ನೋದು ನಿಲ್ಲಿಸಿ ಹಸಿರು ಕಕ್ಕಿದವು. ಎಕ್ಕದವು ದಪ್ಪಗಾಗಿವೆ, ಹಿಕ್ಕೆ ತುಂಬ ಹಾಕಿವೆ. ಈಗ ಆ ನಾಲ್ಕು ಗಿಡ ಏನು ಮಾಡಲಿ?

ಎಕ್ಕದಗಿಡ
ಆದರೂ ಬೇವಿನದ್ದೂ ಪಾಲಿದೆ.

ಹುಳದೊಡತಿ
ಕರಿಬೇವಿನಲ್ಲಿ ಇದೆ, ಇಲ್ಲಿಲ್ಲ. ನಾಲ್ಕನ್ನೂ ಕಿತ್ತು ಮಣ್ಣಿನ ಸಮೇತ ಕಸಕ್ಕೆ ಹಾಕಿ. ಆ ಮಣ್ಣನ್ನು ಬೇರೆ ಕುಂಡಕ್ಕೂ ಬೇಡ, ಕಾಂಪೋಸ್ಟಿಗೂ ಬೇಡ. ಇಟ್ಟುಕೊಂಡರೆ ಹೆಣ್ಣು ಚಿಟ್ಟೆ ಬಂದು ಮತ್ತೆ ಅಲ್ಲೇ ಮೊಟ್ಟೆ ಇಡುತ್ತೆ. ಅದೇ ನರ್ಸರಿಯಿಂದ ಪೆಂಟಾಸ್ ತಂದಿದ್ದರೆ ಹೊಸ ಕಡ್ಡಿ ಮಾಡಿಕೊಳ್ಳಬೇಡಿ, ಯಾರಾದರೂ ಔಷಧಿ ಹೊಡೆಯದ ಮನೆಯಿಂದ ನಾಲ್ಕು ಇಂಚಿನ ಕಡ್ಡಿ ತನ್ನಿ.

ಆಸ್ಕ್ಲೇಪಿಯಾಸ್ ಬೀಜದಿಂದ ಮಾಡಿ. ಕೆಂಪು ಮಣ್ಣು, ಎರೆಗೊಬ್ಬರ, ಕೊಕೊಪೀಟ್ ಸಮ ಪಾಲು, ಕಾಲಿಂಚು ಆಳ, ಒಂದೆರಡು ವಾರದಲ್ಲಿ ಮೊಳೆಯುತ್ತೆ. ಕಡಿಮೆಯೆಂದರೂ ಎಂಟು ಗಿಡ ಬೇಕು. ಒಂದಡಿ ಗಿಡ ಎರಡು ಮೂರು ಹುಳಕ್ಕಿಂತ ಹೆಚ್ಚು ಸಾಕಲ್ಲ, ಬೋಳಾದ ಮೇಲೆ ಉಳಿದವು ಹಸಿದು ಸಾಯುತ್ತವೆ. ನಾಲ್ಕು ಗಿಡ ಚಿಟ್ಟೆಗೆ ಬಿಟ್ಟು ನಾಲ್ಕನ್ನು ಪರದೆ ಮುಚ್ಚಿ ಕಾಯ್ದಿಡಿ. ಹಳದಿ ಹೇನು ಬಂದರೆ ಬೆರಳಲ್ಲಿ ಹೊಸಕಿ, ಸೋಪಿನ ನೀರು ಬೇಡ, ಮೊಟ್ಟೆ ಇರುವ ಎಲೆಗೂ ಬೀಳುತ್ತೆ. ಕರಿಬೇವಿನಲ್ಲಿ ಒಂದು ಗಿಡ ಅಡುಗೆಗೆ, ಒಂದು ಚಿಟ್ಟೆಗೆ ಅಂತ ಬೇರೆ ಮಾಡಿ. ಚಿಟ್ಟೆಯ ಗಿಡದ ಜಿಗಿಹುಳಕ್ಕೆ ಹತ್ತಿದ ಕುಡಿ ಚಿವುಟಿ ಹಾಕೋದೇ ಮದ್ದು, ಚಿವುಟುವ ಮುಂಚೆ ಮೊಟ್ಟೆ ಇದೆಯಾ ನೋಡಿ.

ಧಾರವಾಡ_ಬಾಲ್ಕನಿ
ಪೆಂಟಾಸ್ ಕುಂಡ ಐದಾರು ಒಂದ ಕಡೆ ಗುಂಪಾಗಿ ಇಡ್ರಿ, ಪ್ಯಾರಪೆಟ್ ಮೂಲಿಯೊಳಗ, ಗಾಳಿ ತಪ್ಪೂ ಹಂಗ. ಜೂನ್‌ದಿಂದ ಸಪ್ಟಂಬರ್ ತನಕ ನೈಋತ್ಯದ ಗಾಳಿ ಜೋರು, ಆ ಬದೀಗೆ ಎತ್ತರದ ಗಿಡ. ಒಂದು ಟ್ರೇದಾಗ ಟ್ರೈಡ್ಯಾಕ್ಸ್ ಕಳೆ ಕೀಳದ ಬಿಡ್ರಿ, ಸಣ್ಣ ಪಾತರಗಿತ್ತಿ ಎಲ್ಲಾ ಅದಕ್ಕ ಬರ್ತಾವ.

ತಾರಸಿತೋಟ_ಮೈಸೂರು
ಪೂರ್ವದ ನೆಟ್ ಬಿಚ್ಚಿದೆ. ಗಿಡ ಕಿತ್ತೆ. ಆಸ್ಕ್ಲೇಪಿಯಾಸ್ ಬೀಜ ಯಾರ ಹತ್ತಿರ ಇದೆ?

ಶಿರಸಿಕಾಡು
ಕಾಯಿ ಬಲಿಯುತ್ತಾ ಇದೆ, ಹಳದಿಗೆ ತಿರುಗಿದ ಮೇಲೆ ಕಳಿಸುತ್ತೇನೆ. ನೀವೂ ಮುಂದೆ ಬೀಜ ಹಿಡಿಯುವಾಗ ಕಾಯಿ ಬಿರಿಯುವ ಮೊದಲೇ ಸುತ್ತ ದಾರ ಕಟ್ಟಿ, ಬಿರಿದರೆ ಹತ್ತಿ ಸಮೇತ ಎಲ್ಲ ಹಾರಿ ಹೋಗುತ್ತೆ. ಈಶ್ವರಿ ಬಳ್ಳಿ ಬೀಜವೂ ಬೇಕಾ?