ಬುಕ್ ಮಾಡಿದ ಕಾರು ಕೊಡಲು 90,000 ರೂಪಾಯಿಯ ಆಕ್ಸೆಸರೀಸ್ ಕಡ್ಡಾಯವೇ?

ಪ್ರಶ್ನೆ (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರನ್ನು ತಿಂಗಳಿಗೊಮ್ಮೆ ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿರುವುದರಿಂದ, ಇಲ್ಲಿನ ಶೋರೂಮೊಂದರಲ್ಲಿ 50,000 ರೂಪಾಯಿ ಮುಂಗಡ ಕೊಟ್ಟು ಏಳು ಆಸನಗಳ ಹೈಬ್ರಿಡ್ ಕಾರನ್ನು ಬುಕ್ ಮಾಡಿದ್ದೆ. ಆರು ತಿಂಗಳು ಕಾಯಬೇಕೆಂದರು, ಒಪ್ಪಿದೆ. ಈಗ ಎಂಟು ತಿಂಗಳಾಗಿದೆ, ಅಷ್ಟರಲ್ಲಿ ಎಕ್ಸ್-ಶೋರೂಂ ಬೆಲೆಯೂ ಒಮ್ಮೆ ಏರಿದೆ. 90,000 ರೂಪಾಯಿಯ ಆಕ್ಸೆಸರೀಸ್ ತೆಗೆದುಕೊಂಡು ವಿಮೆಯನ್ನೂ ಅವರಲ್ಲೇ ಮಾಡಿಸಿದರೆ ಹದಿನೈದು ದಿನಗಳಲ್ಲಿ ಗಾಡಿ ಸಿಗುತ್ತದಂತೆ. ಇಲ್ಲವಾದರೆ ಯಾವಾಗ ಎಂದು ಹೇಳಲಾಗದಂತೆ. ನನಗಿಂತ ಎರಡು ತಿಂಗಳು ತಡವಾಗಿ ಬುಕ್ ಮಾಡಿದ ಸಹೋದ್ಯೋಗಿಯೊಬ್ಬರು ಈ ಷರತ್ತಿಗೆ ಒಪ್ಪಿ ಕಳೆದ ವಾರವೇ ಗಾಡಿ ಮನೆಗೆ ತಂದಿದ್ದಾರೆ. ಸರದಿಯಲ್ಲಿ ನಿಂತವನನ್ನು ಹೀಗೆ ಹಿಂದೆ ತಳ್ಳುವುದಕ್ಕೆ ಅವರಿಗೆ ಅಧಿಕಾರವಿದೆಯೇ?

ಉತ್ತರ 1 (ಬೀದರ್):
ಸರ್, ವಿಮೆಯ ವಿಷಯದಲ್ಲಿ ನೀವು ಒಪ್ಪಬೇಕಾದ ಅಗತ್ಯವೇ ಇಲ್ಲ. ಡೀಲರುಗಳ ಮೂಲಕ ವಿಮೆ ಮಾರುವುದಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಯಾವ ಕಂಪನಿಯ ವಿಮೆ ಬೇಕೆಂಬುದು ಗ್ರಾಹಕನ ಆಯ್ಕೆ. ಹೊರಗಿನಿಂದ ಕೊಟೇಶನ್ ತರುವಾಗ ಐಡಿವಿ (ವಿಮೆಯಲ್ಲಿ ಕಾರಿಗೆ ನಿಗದಿಯಾಗುವ ಮೌಲ್ಯ) ಮತ್ತು ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗಗಳ ಸವಕಳಿ ಕಡಿತವಿಲ್ಲದೆ ಪರಿಹಾರ ಕೊಡುವ ಸೌಲಭ್ಯ) ಎರಡೂ ಕಡೆ ಒಂದೇ ಇರಲಿ. ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಹೇಗೂ ಕಡ್ಡಾಯ. ನಾನು ಹಾಗೆ ಹೋಲಿಸಿದಾಗ 19,000 ರೂಪಾಯಿಯ ವ್ಯತ್ಯಾಸ ಕಂಡಿತ್ತು.

ಉತ್ತರ 2 (ಕಲಬುರಗಿ, ವಕೀಲ):
ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(41) ನಿಮ್ಮ ಪ್ರಕರಣಕ್ಕೆ ನೇರವಾಗಿ ಅನ್ವಯಿಸುತ್ತದೆ. ಒಂದು ವಸ್ತುವನ್ನು ಮಾರಲು ಮತ್ತೊಂದನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನೂ, ಒಪ್ಪಿದ ಅವಧಿ ಮೀರಿ ತಡಮಾಡಿ ಅದರಿಂದ ಬೆಲೆ ಏರುವಂತಾಗುವುದನ್ನೂ ಅದು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಆದರೆ ಇಂಥ ಷರತ್ತುಗಳನ್ನು ಫೋನಿನಲ್ಲಿ ಹೇಳುತ್ತಾರೆಯೇ ಹೊರತು ಕಾಗದದ ಮೇಲೆ ಬರೆದುಕೊಡುವುದಿಲ್ಲ, ನಮ್ಮ ಬಹುತೇಕ ಪ್ರಕರಣಗಳು ಸೊರಗುವುದು ಅಲ್ಲಿಯೇ. ಆದ್ದರಿಂದ ಅವರು ಹೇಳಿದ್ದನ್ನೆಲ್ಲ ದಿನಾಂಕ ಸಹಿತ ಇಮೇಲ್‌ನಲ್ಲಿ ಬರೆದು, ಆಕ್ಸೆಸರೀಸ್ ಇಲ್ಲದ ಪ್ರೊಫಾರ್ಮಾ ಇನ್‌ವಾಯ್ಸ್ (ಮಾರಾಟಕ್ಕೆ ಮುನ್ನ ಕೊಡುವ ಬೆಲೆಪಟ್ಟಿ) ಕೇಳಿ, ಪ್ರತಿಯನ್ನು ತಯಾರಕ ಕಂಪನಿಗೂ ಕಳುಹಿಸಿ. ನಂತರ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗೆಹರಿಯದಿದ್ದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗ.

ಉತ್ತರ 3 (ಯಾದಗಿರಿ):
ಕಾನೂನು ಸರಿಯಿದೆ, ಆದರೆ ಸಣ್ಣ ಊರಿನ ಡೀಲರಿಗೆ ಕಂಪನಿ ಕೊಡುವ ಗಾಡಿಗಳೇ ಬೆರಳೆಣಿಕೆಯಷ್ಟು ಎಂಬುದನ್ನೂ ಗಮನಿಸಬೇಕು. ಬೇಸತ್ತು ನಾನು ಹೈದರಾಬಾದಿನಲ್ಲಿ ವಿಚಾರಿಸಿದೆ. ಅಲ್ಲಿಯೂ ಇದೇ ಪ್ಯಾಕೇಜ್ ಮುಂದಿಟ್ಟರು, ಮೇಲಾಗಿ ತಾತ್ಕಾಲಿಕ ನೋಂದಣಿಯಲ್ಲಿ ಗಾಡಿ ತಂದು ಕೆಎ 33 ಸಂಖ್ಯೆಗಾಗಿ ಇಲ್ಲಿನ ಆರ್‌ಟಿಒ ಕಚೇರಿಗೆ ನಾನೇ ಅಲೆಯಬೇಕಿತ್ತು. ಹಾಗಾಗಿ ಊರು ಬದಲಿಸಿ ಉಪಯೋಗವಿಲ್ಲ. ಕೊರತೆಯಿದ್ದರೆ ಕಾಯೋಣ, ಆದರೆ ಬೇಡವಾದ ಸೀಟ್ ಕವರಿಗೂ ಕ್ರೋಮ್ ಪಟ್ಟಿಗೂ ಹಣ ಕೊಟ್ಟು ಕೊರತೆಯನ್ನು ಅವರ ಲಾಭವಾಗಿಸುವುದು ನನಗೂ ಒಪ್ಪಿಗೆಯಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಮೇಲ್ ಕಳುಹಿಸಿದ್ದೇನೆ. ವಕೀಲರೇ, ಬುಕಿಂಗ್ ರಸೀದಿಯ ಹಿಂದೆ ಸೇಲ್ಸ್ ಹುಡುಗ ‘ಆರು ತಿಂಗಳು’ ಎಂದು ಪೆನ್ನಿನಲ್ಲಿ ಬರೆದು ಸಹಿ ಹಾಕಿರುವುದು ಈಗ ಕಣ್ಣಿಗೆ ಬಿತ್ತು. ಇದು ಉಪಯೋಗಕ್ಕೆ ಬರುತ್ತದೆಯೇ?

ಉತ್ತರ 2:
ಖಂಡಿತ ಬರುತ್ತದೆ. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ; ಶೋರೂಮಿನವರು ಯಾವ ಕಾರಣ ಹೇಳಿ ಕೇಳಿದರೂ ಮೂಲ ರಸೀದಿಯನ್ನು ಮಾತ್ರ ಕೈಬಿಡಬೇಡಿ.